ಮಡಿಯುಟ್ಟ ಸರ್ವರ್

ಭಗವಂತನಿಗೆ ನನ್ನ ಮೇಲೆ ಬಹಳ ಪ್ರೀತಿ. ಇವಳಿಗೆ ಕೆಲಸದಲ್ಲಿ ಬೇಜಾರಾಗಬಾರದು ಅಂತ ಆಗಾಗ ಏನಾದರೊಂದು ನಗೆಪಾಟಲು ಮಾಡಿಸುತ್ತಲೇ ಇರುತ್ತಾನೆ. ಆ ಹೊತ್ತಿನಲ್ಲಿ ಮಾತ್ರ ಅದು ಪ್ರೀತಿ ಅಂತ ಗೊತ್ತಾಗುವುದಿಲ್ಲ, ಅಷ್ಟೆ.

ನಮ್ಮ ಆಫೀಸು ಹೆಬ್ಬಾಳದಲ್ಲಿ, ಕಿಟಕಿಯಿಂದ ಫ್ಲೈಓವರ್ ಕಾಣುವ ಕಟ್ಟಡದಲ್ಲಿತ್ತು. ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ಸಣ್ಣ ಕಂಪನಿ. ಯಾವ ಮುಹೂರ್ತಕ್ಕೆ ಯಾವ ಮಂಟಪ ಖಾಲಿ ಇದೆ ಅನ್ನುವುದೆಲ್ಲ ಇದ್ದದ್ದು ಒಂದು ಸರ್ವರಿನಲ್ಲಿ. ಆ ಸರ್ವರ್ ಇದ್ದದ್ದು ಮುಂಬೈಯ ಯಾವುದೋ ತಣ್ಣನೆಯ ಕೋಣೆಯಲ್ಲಿ. ನಾವು ಯಾರೂ ಅದರ ಮುಖ ಕಂಡವರಲ್ಲ. ಒಂಥರಾ ದೇವರ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ಕೈಬಿಟ್ಟರೆ ಮದುವೆ ನಿಲ್ಲುತ್ತದೆ. ಅದಕ್ಕೆ 'ಕಲ್ಯಾಣಿ' ಅಂತ ಹೆಸರಿಟ್ಟವಳೂ ನಾನೇ.

ಕಲ್ಯಾಣಿಯ ಹತ್ತಿರ ಮಾತಾಡಬೇಕಾದರೆ ನಮ್ಮ ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಅಪ್ಪಣೆಗಳನ್ನು ಟೈಪ್ ಮಾಡಬೇಕು. ಒಂದು ಕಿಟಕಿಯಲ್ಲಿ ಬರೆದದ್ದನ್ನು ನಮ್ಮ ಮೇಜಿನ ಕಂಪ್ಯೂಟರ್ ಕೇಳುತ್ತದೆ. ಅದರ ಪಕ್ಕದ ಕಿಟಕಿಯಲ್ಲಿ ಬರೆದದ್ದನ್ನು ಮುಂಬೈಯ ಕಲ್ಯಾಣಿ ಕೇಳುತ್ತಾಳೆ. ಎರಡೂ ಕಪ್ಪು, ಎರಡರಲ್ಲೂ ಬಿಳಿ ಅಕ್ಷರ. ಅವಳಿ ಮಕ್ಕಳಿಗೆ ಒಂದೇ ತಾನಿನಲ್ಲಿ ಅಂಗಿ ಹೊಲಿಸಿದ ಹಾಗೆ. ಒಂದಕ್ಕೆ ಬೀಳಬೇಕಾದ ಏಟು ಇನ್ನೊಂದಕ್ಕೆ ಬೀಳದೆ ಇರುತ್ತದೆಯೇ?

ಆಫ್ ಆಗದ ಕಂಪ್ಯೂಟರ್

ನನ್ನ ಪಕ್ಕದ ಸೀಟಿನವನು ಆರ್.ಟಿ. ನಗರದವನು. ಮನೆಯಲ್ಲಿ ಉರ್ದು, ಆಫೀಸಿನಲ್ಲಿ ಕನ್ನಡ, ಕಂಪ್ಯೂಟರ್ ಕೈಕೊಟ್ಟಾಗ ಎರಡೂ. ನನ್ನನ್ನು ಬಾಯಿ ತುಂಬ 'ಅಕ್ಕಾ' ಅನ್ನುತ್ತಿದ್ದ. ಕರೆಂಟು ಉಳಿಸಿ ಅಂತ ಮ್ಯಾನೇಜರು ಗೋಡೆಗೆ ಚೀಟಿ ಅಂಟಿಸಿದ ಮೇಲೆ, ಸಂಜೆ ಹೊರಡುವಾಗ ತಪ್ಪದೆ ಕಂಪ್ಯೂಟರ್ ಆಫ್ ಮಾಡುತ್ತಿದ್ದವನು ಅವನೊಬ್ಬನೇ.

ಒಂದು ಸಂಜೆ ಬ್ಯಾಗು ಹೆಗಲಿಗೇರಿಸಿಕೊಂಡು, ನಿಂತೇ ಟೈಪ್ ಮಾಡಿ, ಸ್ಕ್ರೀನ್ ನೋಡುತ್ತ ನಿಂತ.

"ಅಕ್ಕಾ, ನನ್ ಸಿಸ್ಟಮ್ ಕೆಟ್ಟೋಗಿದೆ. ಶಟ್‌ಡೌನ್ ಕೊಟ್ರೆ ಆಫೇ ಆಗ್ತಿಲ್ಲ."

"ಇನ್ನೊಂದ್ ಸಲ ಕೊಟ್ಟು ನೋಡಪ್ಪ," ಅಂದೆ.

"ಕೊಟ್ಟೆ. ಕನೆಕ್ಷನ್ ಹೋಯ್ತು ಅಂತಿದೆ. ನನ್ ಮೇಜಿನ ಮೇಲೇ ಕೂತ್ಕೊಂಡು ನನ್ ಜೊತೆ ಕನೆಕ್ಷನ್ ಇಲ್ಲ ಅಂತಿದೆಯಲ್ಲಕ್ಕಾ ಇದು!"

ಅವನ ಕಂಪ್ಯೂಟರ್ ನಗುತ್ತಲೇ ಇತ್ತು. ಅಷ್ಟರಲ್ಲಿ ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಜಾಲಹಳ್ಳಿಯ ಮಂಟಪದಲ್ಲಿ ಬುಕಿಂಗ್ ತೆರೆಯುತ್ತಿಲ್ಲ, ನಾಗಸಂದ್ರದ ಮಂಟಪದಲ್ಲಿ ಬೀಗರು ಕೌಂಟರ್ ಮುಂದೆ ಕೂತುಬಿಟ್ಟಿದ್ದಾರೆ. ಇವನು ಆಫ್ ಮಾಡಿದ್ದು ತನ್ನ ಕಂಪ್ಯೂಟರನ್ನಲ್ಲ, ಕಲ್ಯಾಣಿಯನ್ನು. ಮುಂಬೈಯಲ್ಲಿ ಯಾರಾದರೂ ಎದ್ದು ಹೋಗಿ ಗುಂಡಿ ಒತ್ತುವ ತನಕ ಕರ್ನಾಟಕದಲ್ಲಿ ಯಾರೂ ಮದುವೆ ನಿಶ್ಚಯಿಸುವ ಹಾಗಿರಲಿಲ್ಲ.

ಮರುದಿನ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು ನಿಲ್ಲಿಸಿದರು. "ನೋಡಿ, ಇದೇ ಕೊನೆ. ಇನ್ನೊಂದ್ ಸಲ ನಮ್ಮ ಕೈಯಾರೆ ಸರ್ವರ್ ಆಫ್ ಆಯ್ತೋ, ನಿಮ್ ಟೀಮನ್ನ ಹೆಡ್ಡಾಫೀಸಿಗೆ ಹಾಕ್ತಾರೆ. ಎಲೆಕ್ಟ್ರಾನಿಕ್ ಸಿಟಿಗೆ! ದಿನಾ ಹೋಗಿ ಬನ್ನಿ, ಗೊತ್ತಾಗುತ್ತೆ."

ನನ್ನ ಮನೆ ಆಫೀಸಿಗೆ ಹತ್ತಿರದ ಗಂಗಾನಗರದಲ್ಲಿ. ಮುಸ್ಸಂಜೆಗೆ ಮನೆಯ ದೇವರಿಗೆ ದೀಪ ಹಚ್ಚುವುದು ಮದುವೆಯಾಗಿ ಬಂದಾಗಿನಿಂದ ನನ್ನ ಪಾಲಿಗೆ ಬಂದ ಭಾಗ್ಯ. ಅತ್ತೆಯವರಿಗೆ ಕೈ ನಡುಕ, ಒಮ್ಮೆ ಸೆರಗಿಗೇ ಕಿಡಿ ತಾಗಿಸಿಕೊಂಡಿದ್ದರು. ನಮ್ಮೆಜಮಾನರು ಬರುವುದು ಊಟದ ಹೊತ್ತಿಗೆ. ಎಲೆಕ್ಟ್ರಾನಿಕ್ ಸಿಟಿಯಿಂದ ಊರನ್ನೆಲ್ಲ ಸೀಳಿಕೊಂಡು ನಾನು ಬರುವಷ್ಟರಲ್ಲಿ ದೇವರಿಗೆ ಶಯನೋತ್ಸವವೇ ಆಗಿಹೋಗಿರುತ್ತದೆ.

"ಸಾರ್," ಪಕ್ಕದ ಸೀಟಿನವನು ವಿನಯದಿಂದ ಕೇಳಿದ, "ಹಂಗಾದ್ರೆ ಕರೆಂಟ್ ಉಳಿಸೋ ಚೀಟಿ ತೆಗೀಬಹುದಾ?"

ಗಂಧ ಮತ್ತು ಕುಂಕುಮ

ಆ ಸಂಜೆ ದೀಪ ಹಚ್ಚಿ ಕಣ್ಣುಮುಚ್ಚಿ ಕೂತಿದ್ದೆ. 'ತಾಯೀ, ಎರಡು ಕಿಟಕಿ ಬೇರೆ ಬೇರೆ ಅಂತ ಗೊತ್ತಾಗುವ ಹಾಗೆ ಮಾಡು' ಅಂತ ಬೇಡಿಕೊಂಡು ಕಣ್ತೆರೆದರೆ, ಎದುರಿಗೇ ಬೆಳ್ಳಿ ಬಟ್ಟಲುಗಳು. ಒಂದರಲ್ಲಿ ಗಂಧ, ಇನ್ನೊಂದರಲ್ಲಿ ಕುಂಕುಮ. ಅಮ್ಮನವರು ಇದಕ್ಕಿಂತ ಬಿಡಿಸಿ ಹೇಳುವುದಾದರೂ ಹೇಗೆ?

ಮಾರನೆಯ ದಿನ ಹಾಗೇ ಮಾಡಿದೆ. ನಮ್ಮ ಕಂಪ್ಯೂಟರಿನ ಕಿಟಕಿಗೆ ಗಂಧದ ಬಣ್ಣ. ಕಲ್ಯಾಣಿಯೊಳಗೆ ಕಾಲಿಟ್ಟ ಕೂಡಲೇ ಕಿಟಕಿಯೆಲ್ಲ ಕುಂಕುಮದ ಕೆಂಪು. ಜೊತೆಗೆ, ಆ ಕಿಟಕಿಯಲ್ಲಿ ಕನ್ನಡ ಲಿಪಿ ಸರಿಯಾಗಿ ಮೂಡುತ್ತಿರಲಿಲ್ಲವಾದ್ದರಿಂದ, ಇಂಗ್ಲಿಷ್ ಅಕ್ಷರದಲ್ಲೇ 'ಚಪ್ಪಲಿ ಬಿಟ್ಟು ಒಳಗೆ ಬನ್ನಿ' ಅಂತ ಒಂದು ಸಾಲು, ಅದರ ಕೆಳಗೆ ಚುಕ್ಕಿ-ಗೆರೆಗಳಿಂದ ಒಂದು ಪುಟ್ಟ ರಂಗೋಲಿ.

"ಕಂಪ್ಯೂಟರಿಗೂ ಕುಂಕುಮ ಕೊಟ್ಬಿಟ್ರಲ್ಲಕ್ಕಾ," ಅಂತ ನಕ್ಕ ಪಕ್ಕದ ಸೀಟಿನವನು. ನಗುನಗುತ್ತಲೇ ತನ್ನದಕ್ಕೂ, ಸಾಲಿನ ಉಳಿದವರದಕ್ಕೂ ಹಾಕಿದ.

ಅದೇ ವಾರ ಯಲಹಂಕದ ಆಚೆಯ ಒಬ್ಬ ಮಂಟಪದ ಯಜಮಾನರು ಆಫೀಸು ನೋಡಲು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ನಮ್ಮ ಸಾಲಿನ ಎಲ್ಲ ಸ್ಕ್ರೀನೂ ಕೆಂಪಗಿರುವುದನ್ನು ಕಂಡು ಬಾಗಿಲಲ್ಲೇ ನಿಂತರು.

"ಏನ್ ಸ್ವಾಮಿ, ಎಲ್ಲಾ ಇಂಗೆ ಕೆಂಪಗಾಗ್ಬುಟ್ಟವೆ? ಸುಟ್ಟೋಯ್ತಾ?"

ಮ್ಯಾನೇಜರಿಗೆ ಬಣ್ಣದ ವಿಚಾರ ಅರ್ಧ ಗೊತ್ತಿತ್ತು. ಉಳಿದರ್ಧಕ್ಕೆ ಧೈರ್ಯ ಇತ್ತು. "ಇಲ್ಲ ಯಜಮಾನ್ರೇ, ಇದು ಸೆಕ್ಯುರಿಟಿ. ಕೆಂಪಿದ್ರೆ ಯಾರೂ ಮುಟ್ಟಂಗಿಲ್ಲ. ನನ್ನದೇ ಐಡಿಯಾ, ಹೆಡ್ಡಾಫೀಸಿಗೂ ರಿಪೋರ್ಟ್ ಕಳಿಸಿದೀನಿ."

ಯಜಮಾನರು ಹತ್ತಿರ ಬಂದು, ರಂಗೋಲಿ ನೋಡಿ, ಸ್ಕ್ರೀನ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಟ್ಟಬಾರದು ಅಂದದ್ದನ್ನು ಮೊದಲು ಮುಟ್ಟುವುದೇ ಭಕ್ತಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಅಮ್ಮಾವ್ರೇ, ನಮ್ ಎದುರುಗಡೆ ಮಂಟಪದೋನೂ ನಿಮ್ ತಾವೇ ಅವ್ನೆ. ಅವ್ನಿಗೆ ಮಾಮೂಲಿ ಆಕಿ. ನಮ್ದಕ್ಕೆ ಒಸಿ ಜಾಸ್ತಿ ಕುಂಕುಮ ಆಕಿ."

ಕಾಲು ತೊಳೆಯದೆ ಬಂದದ್ದು

ಬಣ್ಣ ಹಾಕುವುದು ಕಲಿತಿದ್ದೆ. ತೆಗೆಯುವುದು ಕಲಿತಿರಲಿಲ್ಲ. ಕಲ್ಯಾಣಿಯಿಂದ ಹೊರಬಂದ ಮೇಲೂ ಕಿಟಕಿ ಕೆಂಪಾಗಿಯೇ ಉಳಿಯುತ್ತಿತ್ತು. ತವರಿಗೆ ಬಂದ ಮೇಲೂ ಗಂಡನ ಮನೆಯ ಗಾಂಭೀರ್ಯ ಬಿಡದ ಹೊಸ ಮದುವಣಗಿತ್ತಿಯ ಹಾಗೆ.

ನಾನು ಒಂದು ಬೆಳಗ್ಗೆಯೆಲ್ಲ ನನ್ನದೇ ಕಂಪ್ಯೂಟರಿನ ಮುಂದೆ ಭಯಭಕ್ತಿಯಿಂದ ಕೂತಿದ್ದೆ. ಒಂದೊಂದು ಅಕ್ಷರ ಒತ್ತುವಾಗಲೂ ಒಂದು ಸ್ತೋತ್ರ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಅಷ್ಟೆಲ್ಲ ಸ್ತೋತ್ರ ಹೇಳಿ ನಾನು ಅಳಿಸುತ್ತಿದ್ದದ್ದು ನನ್ನ ಹಳೆಯ ಅಡುಗೆ ರೆಸಿಪಿಗಳನ್ನು. ಹೋಗಲಿ, ಪುಣ್ಯ ಪುಣ್ಯವೇ.

ಪಕ್ಕದ ಸೀಟಿನವನು ಮಾತ್ರ ಇದನ್ನು ಸದ್ದಿಲ್ಲದೆ ಸದುಪಯೋಗ ಮಾಡಿಕೊಂಡ. ಬೆಳಗ್ಗೆ ಬಂದವನೇ ಒಮ್ಮೆ ಕಲ್ಯಾಣಿಯೊಳಗೆ ಹೋಗಿ ಹೊರಗೆ ಬಂದುಬಿಡುವುದು. ಕಿಟಕಿ ದಿನವಿಡೀ ಕೆಂಪು. ಮ್ಯಾನೇಜರು ಬಂದು "ಆ ರಿಪೋರ್ಟ್ ಏನಾಯ್ತಪ್ಪ?" ಅಂದರೆ, ಎರಡೂ ಕೈ ಕೀಬೋರ್ಡಿನಿಂದ ಮೇಲಕ್ಕೆತ್ತಿ, "ಕೆಂಪಿದೆ ಸಾರ್, ಮುಟ್ಟಂಗಿಲ್ಲ. ನಿಮ್ದೇ ರೂಲು" ಅನ್ನುವುದು. ಮ್ಯಾನೇಜರು ತಲೆಯಾಡಿಸಿ ತುದಿಗಾಲಲ್ಲಿ ಹೋಗುವುದು.

ನಾನು ಕೊನೆಗೆ ಹೊರಬರುವಾಗ ಬಣ್ಣ ತೊಳೆಯುವ ಸಾಲನ್ನೂ ಬರೆದು, ಅವನಿಗೆ ಬುದ್ಧಿ ಹೇಳಿದೆ: "ನೋಡಪ್ಪ, ಹೊರಗಿನಿಂದ ಬಂದವರು ಕಾಲು ತೊಳ್ಕೊಂಡು ಮನೆಯೊಳಗೆ ಬರ್ಬೇಕು. ಇದೂ ಹಾಗೇ."

"ನಮ್ಮಲ್ಲೂ ಅಷ್ಟೇ ಅಕ್ಕಾ, ನಮಾಜಿಗೆ ಮುಂಚೆ ಕೈಕಾಲು ತೊಳೀಲೇಬೇಕು," ಅಂದ. ಆಮೇಲೆ ಗಂಧದ ಬಣ್ಣಕ್ಕೆ ತಿರುಗಿದ ಕಿಟಕಿಯನ್ನು ನೋಡಿ ನಿಟ್ಟುಸಿರಿಟ್ಟ. "ಆದ್ರೆ ತೊಳೆದ್ಮೇಲೆ ರಿಪೋರ್ಟ್ ಬರೀಬೇಕು ಅಂತ ನಮ್ಮಲ್ಲಿ ಎಲ್ಲೂ ಹೇಳಿಲ್ಲ."

ಅತ್ತೆಯವರ ಪ್ರಶ್ನೆ

ಬಂದ್ ಇದ್ದ ಒಂದು ದಿನ ಮನೆಯಿಂದಲೇ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಅತ್ತೆಯವರು ಮಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಮಡಿ ಅಂದರೆ ನಮ್ಮತ್ತೆಯವರದು ಸಾಮಾನ್ಯವಲ್ಲ. ಸ್ನಾನ ಮಾಡಿ ಒಗೆದು ಹರವಿದ ಸೀರೆ ಉಟ್ಟರೆಂದರೆ ಪೂಜೆ ಮುಗಿದು ಊಟ ಆಗುವ ತನಕ ನಮ್ಮ ನೆರಳೂ ತಾಗಬಾರದು.

ಸೌಟು ಹಿಡಿದುಕೊಂಡೇ ದೂರದಿಂದ ಕೇಳಿದರು. "ಅದ್ಯಾಕೆ ಒಂದು ಕೆಂಪಗಿದೆ, ಒಂದು ಬಿಳಿಚಿಕೊಂಡಿದೆ?"

"ಕೆಂಪಿರೋದು ಮುಂಬೈದು ಅತ್ತೆ. ಅದನ್ನ ಸುಮ್ಸುಮ್ನೆ ಮುಟ್ಟಬಾರದು."

"ಓ, ಅದು ಮಡೀಲಿದೆ ಅನ್ನು."

ಇಷ್ಟು ದಿನ ಇಂಜಿನಿಯರುಗಳಿಗೆ ತಿಳಿಸಿ ಹೇಳಲು ನಾನು ಪಟ್ಟ ಪಾಡು ಒಂದೇ ಮಾತಿನಲ್ಲಿ ಮುಗಿದಿತ್ತು. ಆದರೆ ಅತ್ತೆಯವರು ಅಲ್ಲಿಗೆ ಬಿಡುವವರಲ್ಲ.

"ಕೆಂಪು ಸೀರೆ ಉಟ್ಟವರೆಲ್ಲ ಮಡೀಲಿರ್ತಾರೇನೇ? ಬಣ್ಣ ನೋಡಿ ಮಡಿ ಗೊತ್ತಾಗುತ್ತಾ? ಬಾಯಿಬಿಟ್ಟು ಕೇಳ್ಬೇಕು. ನಿನ್ ಮಗ ಸ್ಕೂಲಿಂದ ಬಂದು ನನ್ನ ತಬ್ಕೊಳಕ್ಕೆ ಬಂದಾಗ ನಾನು ಏನಂತೀನಿ? 'ನಿಲ್ಲು, ಮಡಿ' ಅಂತೀನೋ ಇಲ್ವೋ? ಆ ನಿನ್ ಕಲ್ಯಾಣಿಗೆ ಬಾಯಿಲ್ವಾ?"

ಬಾಯಿ ಇರಲಿಲ್ಲ. ಕೊಟ್ಟೆ. ಅಂದಿನಿಂದ ಯಾರೇ ಕಲ್ಯಾಣಿಯನ್ನು ಆಫ್ ಮಾಡಲು ಹೋದರೂ ಅವಳು ತಡೆದು, 'ಹೆಸರು ಹೇಳಿ' ಅನ್ನಬೇಕು. ಆಫ್ ಮಾಡಬೇಕಾದ ಸರ್ವರಿನ ಹೆಸರನ್ನು ಟೈಪ್ ಮಾಡಬೇಕು. 'ಕಲ್ಯಾಣಿ' ಅಂದರೆ, ಸರಿ, ಇವನಿಗೆ ತಾನು ಎಲ್ಲಿದ್ದೇನೆಂದು ಗೊತ್ತಿದೆ ಅಂತ ಅರ್ಥ. ಬೇರೇನೇ ಬರೆದರೂ 'ಕ್ಷಮಿಸಿ, ಇದಲ್ಲ.' ಮೂರು ಸಲ ತಪ್ಪಾದರೆ 'ಹೋಗಿ ಬನ್ನಿ' ಅಂತ ಕೈಮುಗಿದು ಕಳಿಸುವುದು. ಹೇಗಿದ್ದರೂ ಬಂದವರನ್ನು ಬೈದು ಕಳಿಸಬಾರದಲ್ಲ.

ಇದನ್ನೆಲ್ಲ ವಿವರಿಸಿ ಮ್ಯಾನೇಜರಿಗೆ ಉದ್ದನೆಯ ಮೇಲ್ ಹಾಕಿದೆ. ಕೂಡಲೇ ಉತ್ತರ ಬಂತು: 'ವೆರಿ ಗುಡ್. ಓದ್ತೀನಿ.'

ಸಂಜೆ ಅತ್ತೆಯವರಿಗೆ ಹೇಳಿದೆ, "ನೀವು ಹೇಳಿದ ಹಾಗೇ ಮಾಡಿದೆ ಅತ್ತೆ. ಈಗ ಕೇಳದೆ ಯಾರನ್ನೂ ಬಿಡಲ್ಲ."

"ಒಳ್ಳೇದಾಯ್ತು," ಅಂದರು. "ಮಾಡೋ ಹಾಗಿದ್ರೆ ನಮ್ಮನೆ ಫ್ರಿಜ್ಜಿಗೂ ಅದನ್ನೇ ಮಾಡು."

ಹೆಸರು, ಗೋತ್ರ, ನಕ್ಷತ್ರ

ಆ ವರ್ಷ ನವರಾತ್ರಿಗೆ ಆಫೀಸಿನಲ್ಲಿ ದಿನಕ್ಕೊಂದು ಬಣ್ಣದ ಸಂಭ್ರಮ. ಇಂತಿಂಥ ದಿನ ಇಂತಿಂಥ ಬಣ್ಣದ ಬಟ್ಟೆ, ಚೆನ್ನಾಗಿ ಅಲಂಕಾರ ಮಾಡಿದ ಸಾಲಿಗೆ ಬಹುಮಾನ. ಪಕ್ಕದ ಸೀಟಿನವನಿಗೆ ಹುಮ್ಮಸ್ಸು ಬಂತು. ನಮ್ಮ ಸಾಲಿನ ಕಂಪ್ಯೂಟರುಗಳ ಕಿಟಕಿಗಳೆಲ್ಲ ಆಯಾ ದಿನದ ಬಣ್ಣಕ್ಕೆ ತಾವಾಗಿಯೇ ತಿರುಗುವಂತೆ ಮಾಡಿದ.

"ಕಲ್ಯಾಣಿ ಬಣ್ಣ ಮುಟ್ಟಿಲ್ಲ ಅಕ್ಕಾ, ಅದು ಕೆಂಪೇ. ನಮ್ಮ ಕಿಟಕಿಗಳು ಮಾತ್ರ."

ದೇವಿಯ ಬಣ್ಣ, ಬೇಡ ಅನ್ನಲು ನಾನ್ಯಾರು? ಹಳದಿ ಬಂತು, ಹಸಿರು ಬಂತು, ಬೂದಿ ಬಂತು. ಎಲ್ಲ ಚೆಂದವೇ. ಆ ಬಣ್ಣಗಳಲ್ಲಿ ಕೆಂಪೂ ಒಂದು ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕೆಂಪು ಬಂದದ್ದು ಸರಿಯಾಗಿ ಆಫೀಸಿನ ಆಯುಧ ಪೂಜೆಯ ದಿನ. ಹಬ್ಬಕ್ಕೆ ರಜೆ ಇರುವುದರಿಂದ ನಮ್ಮಲ್ಲಿ ಹಿಂದಿನ ದಿನವೇ ಪೂಜೆ. ಆ ದಿನವೇ ಹೆಡ್ಡಾಫೀಸಿನಿಂದ ದೊಡ್ಡ ಸಾಹೇಬರೂ ಬರುವವರಿದ್ದರು. ಪೂಜೆಗೆ ಅಂತ ಹೆಸರು. ನಿಜವಾಗಿ, ಹೆಬ್ಬಾಳದ ಆಫೀಸನ್ನು ಇಟ್ಟುಕೊಳ್ಳುವುದೋ ಎಲೆಕ್ಟ್ರಾನಿಕ್ ಸಿಟಿಗೆ ಸೇರಿಸುವುದೋ ಅಂತ ನೋಡಲು. ಬೆಳಗ್ಗೆಯೇ ದೇವರ ಮುಂದೆ ಹೇಳಿ ಬಂದಿದ್ದೆ. 'ನಿನ್ನ ದೀಪ, ನಿನ್ನ ಜವಾಬ್ದಾರಿ.'

ಪುರೋಹಿತರು ಬಂದರು. ಎಲ್ಲರನ್ನೂ ಕೂರಿಸಿಕೊಂಡು ಒಬ್ಬೊಬ್ಬರದೇ ಹೆಸರು, ಗೋತ್ರ, ನಕ್ಷತ್ರ ಕೇಳಿ ಸಂಕಲ್ಪ ಮಾಡಿಸಿದರು. ಪಕ್ಕದ ಸೀಟಿನವನ ಹೆಸರು ಕೇಳಿ, ಒಂದು ಕ್ಷಣವೂ ತಡವರಿಸದೆ, ಅದನ್ನೂ ಸೇರಿಸಿ ಶುಭವಾಗಲಿ ಅಂದರು. ಬಿಟ್ಟುಹೋದವರು ಒಬ್ಬರೇ, ಪೂಜೆಗೆಂದು ರೇಷ್ಮೆ ಪಂಚೆ ಉಟ್ಟು ಬಂದಿದ್ದ ನಮ್ಮ ಮ್ಯಾನೇಜರು. ಅವರು ಸಾಹೇಬರನ್ನು ಕಾಯುತ್ತ ಗೇಟಿನಲ್ಲಿದ್ದರು. ಸಾಹೇಬರನ್ನು ಕರೆದುಕೊಂಡು ಮೇಲೆ ಬರುವಷ್ಟರಲ್ಲಿ ಸಂಕಲ್ಪ ಮುಗಿದಿತ್ತು.

"ನನ್ ಹೆಸ್ರೇ ಹೇಳ್ಲಿಲ್ವಾ?" ಅಂತ ಮುಖ ಸಪ್ಪಗೆ ಮಾಡಿಕೊಂಡರು, ಪಾಪ.

ಪುರೋಹಿತರು ನನ್ನ ಕೈಗೆ ಉರಿಯುವ ಕರ್ಪೂರದ ತಟ್ಟೆ ಕೊಟ್ಟು, "ಯಂತ್ರಗಳನ್ನೆಲ್ಲ ಆಫ್ ಮಾಡಿ. ಇವತ್ತು ಅವಕ್ಕೂ ವಿಶ್ರಾಂತಿ," ಅಂದರು. ಎಲ್ಲರೂ ಓಡಿ ಓಡಿ ತಮ್ಮ ತಮ್ಮದನ್ನು ಆಫ್ ಮಾಡಿದರು. ಉಳಿದದ್ದು ನನ್ನದೊಂದೇ. ವಿಜಯದಶಮಿಯ ಬುಕಿಂಗ್ ಸರಿಯಾಗಿ ಬರುತ್ತಿದೆಯಾ ಅಂತ ನೋಡಲು ಕಲ್ಯಾಣಿಯ ಕಿಟಕಿ ತೆರೆದಿಟ್ಟು ಎದ್ದು ಬಂದಿದ್ದೆ.

"ಏನಮ್ಮಾ, ನಿಮ್ದೊಂದೇ ಉರೀತಿದೆ!" ಅಂದರು ಮ್ಯಾನೇಜರು. ಸಾಹೇಬರು ಪಕ್ಕದಲ್ಲೇ ಇದ್ದಾರೆ, ತನಗೂ ಕೆಲಸ ಬರುತ್ತದೆ ಅಂತ ತೋರಿಸಬೇಡವೇ? ಪಂಚೆ ಎತ್ತಿಕಟ್ಟಿ ನನ್ನ ಕುರ್ಚಿಯಲ್ಲಿ ಕೂತೇಬಿಟ್ಟರು. ಎದುರಿಗೆ ಕೆಂಪು ಕಿಟಕಿ. "ಇವತ್ತು ಎಲ್ಲಾ ಕೆಂಪೇ ಸಾರ್, ಹಬ್ಬದ ಅಲಂಕಾರ," ಅಂತ ಸಾಹೇಬರಿಗೆ ಹೇಳಿದರು.

ನಾನು ಕೋಣೆಯ ಆ ತುದಿಯಲ್ಲಿ. ಕೈಯಲ್ಲಿ ಧಗಧಗ ಉರಿಯುವ ಕರ್ಪೂರ. ಅದೇ ಕ್ಷಣಕ್ಕೆ ಜಾಗಟೆ, ಗಂಟೆ, ಶಂಖ ಎಲ್ಲ ಒಟ್ಟಿಗೆ ಎದ್ದವು. "ಸಾರ್! ಸಾರ್!" ಅಂತ ಕೂಗಿದೆ. ಕೇಳಿಸಬೇಕಲ್ಲ! ತಟ್ಟೆಯನ್ನೇ ಮೇಲೆತ್ತಿ ಬೇಡ ಬೇಡ ಅಂತ ಅಲ್ಲಾಡಿಸಿದೆ. ಮ್ಯಾನೇಜರು ತಿರುಗಿ ನೋಡಿದರು. ತಮಗೇ ಆರತಿ ಎತ್ತುತ್ತಿದ್ದೇನೆ ಅಂದುಕೊಂಡು, ಕೂತಲ್ಲಿಂದಲೇ ಎರಡೂ ಕೈ ಚಾಚಿ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆ ಕೈಯಿಂದಲೇ ಕಿಟಕಿಯಲ್ಲಿ ಶಟ್‌ಡೌನ್ ಅಂತ ಟೈಪ್ ಮಾಡಿ ಒತ್ತಿದರು.

ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣ ಮುಂದೆ ಕತ್ತಲೆ ದೇವರಮನೆ.

ಜಾಗಟೆ ನಿಂತಿತು. ಫೋನು ಬಡಿದುಕೊಳ್ಳಲಿಲ್ಲ. ಬದಲಿಗೆ ಮ್ಯಾನೇಜರ ಸಂತೋಷದ ದನಿ ಕೇಳಿತು: "ನೋಡಿದ್ರಾ ಸಾರ್, ನಮ್ಮ ಈ ಅಮ್ಮ ಎಂಥಾ ಏರ್ಪಾಡು ಮಾಡಿದಾರೆ! ಸಂಕಲ್ಪ ತಪ್ಪಿಸ್ಕೊಂಡವ್ರಿಗೆ ಇದರಲ್ಲೇ ಮಾಡಿಸ್ತಾರೆ!"

ಓಡಿ ಹೋಗಿ ನೋಡಿದರೆ, ರಂಗೋಲಿಯ ಕೆಳಗೆ ಕಲ್ಯಾಣಿ 'ಹೆಸರು ಹೇಳಿ' ಅಂತ ಕೇಳಿದ್ದಾಳೆ. ಮ್ಯಾನೇಜರು ಭಕ್ತಿಯಿಂದ ತಮ್ಮ ಪೂರ್ತಿ ಹೆಸರು ಬರೆದಿದ್ದಾರೆ. ಅದಕ್ಕವಳು 'ಕ್ಷಮಿಸಿ, ಇದಲ್ಲ' ಅಂದಿದ್ದಾಳೆ.

"ಗೋತ್ರ ಸೇರಿಸ್ಬೇಕೇನೋ," ಅಂತ ಅವರೇ ಹೇಳಿಕೊಂಡು 'ಭಾರದ್ವಾಜ' ಸೇರಿಸಿದರು. 'ಕ್ಷಮಿಸಿ, ಇದಲ್ಲ.'

"ಸಾರ್, ನಿಲ್ಲಿ, ಅದು..." ಅಂದೆ.

"ಇರಮ್ಮಾ, ನಕ್ಷತ್ರ ಬಿಟ್ಟಿದ್ದೆ." 'ಮೃಗಶಿರ' ಅಂತ ಬರೆದು ಒತ್ತಿದರು.

'ಹೋಗಿ ಬನ್ನಿ,' ಅಂದಳು ಕಲ್ಯಾಣಿ.

ಮ್ಯಾನೇಜರು ಎದ್ದೇ ನಿಂತರು. ಸಾಹೇಬರು ಬಗ್ಗಿ ಸ್ಕ್ರೀನ್ ನೋಡಿದರು. "ಏನಮ್ಮ ಇದು?" ಅಂದರು. ಇದು ಮುಂಬೈಯ ಸರ್ವರ್, ತನ್ನ ಹೆಸರು ಹೇಳದವರಿಂದ ಆಫ್ ಮಾಡಿಸಿಕೊಳ್ಳುವುದಿಲ್ಲ, ಇವತ್ತು ಆಫ್ ಆಗಿದ್ದರೆ ವಿಜಯದಶಮಿಗೆ ಒಂದೂ ಮಂಟಪ ಬುಕ್ ಆಗುತ್ತಿರಲಿಲ್ಲ ಅಂತ ಮೆಲ್ಲಗೆ ಹೇಳಿದೆ. ಅತ್ತೆಯವರ ಮಡಿಯ ವಿಷಯವನ್ನೂ ಮುಚ್ಚಿಡಲಿಲ್ಲ.

ಸಾಹೇಬರು ಬಹಳ ಹೊತ್ತು ನಕ್ಕರು. "ಮ್ಯಾನೇಜರ್ ಅಂತಾನೂ ನೋಡ್ಲಿಲ್ವಲ್ಲ ಇದು! ಇಂಥಾ ಸೆಕ್ಯುರಿಟಿ ನಮ್ಮ ಎಲೆಕ್ಟ್ರಾನಿಕ್ ಸಿಟೀಲಿ ಇಲ್ಲ. ಈ ಟೀಮು ಇಲ್ಲೇ ಇರ್ಲಿ, ಅಲುಗಾಡಿಸಬೇಡಿ."

ನಾನು ಮನಸ್ಸಿನಲ್ಲೇ ಅಮ್ಮನವರಿಗೆ ಅಡ್ಡಬಿದ್ದೆ. ಸಾಹೇಬರ ಮಾತು ಮುಗಿದಿರಲಿಲ್ಲ. ಮ್ಯಾನೇಜರ ಬೆನ್ನು ತಟ್ಟಿ, "ಅಲ್ಲಿ ಎಲ್ರಿಗೂ ಇದನ್ನ ಕಲಿಸ್ಬೇಕು. ಇದು ನಿಮ್ಮದೇ ಐಡಿಯಾ ಅಂತ ಆವತ್ತು ರಿಪೋರ್ಟ್ ಕಳಿಸಿದ್ರಲ್ಲ? ನೀವೇ ಬನ್ನಿ. ಹಬ್ಬ ಮುಗಿದ ಮೇಲೆ ದಿನಾ ಅಲ್ಲಿಗೇ," ಅಂದರು.

ಹಬ್ಬ ಮುಗಿದು ಒಂದು ಮುಸ್ಸಂಜೆ. ದೀಪ ಹಚ್ಚಿ ಇನ್ನೂ ಕೈ ಮುಗಿಯುತ್ತಿದ್ದೆ. ಫೋನು. ಆ ಕಡೆಯಿಂದ ಹಾರನ್ನುಗಳ ನಡುವೆ ಮ್ಯಾನೇಜರ ದನಿ.

"ಅಮ್ಮಾ, ಸಿಲ್ಕ್ ಬೋರ್ಡಲ್ಲಿ ನಿಂತಿದೀನಿ. ಯಾವಾಗ ನಿಂತೆ ಅನ್ನೋದೂ ಮರ್ತೋಗಿದೆ. ದೀಪ ಹಚ್ಚಿದ್ರಾ?"

"ಈಗ ತಾನೆ ಹಚ್ಚಿದೆ ಸಾರ್."

"ಹಾಗಾದ್ರೆ ನನ್ ಹೆಸರಲ್ಲೊಂದು ಪ್ರಾರ್ಥನೆ ಮಾಡ್ಕೊಳ್ಳಿ. ಈ ಟ್ರಾಫಿಕ್ ಬಿಡ್ಲಿ. ನನ್ ಗೋತ್ರ, ನಕ್ಷತ್ರ ಗೊತ್ತಿದೆಯಲ್ಲ ನಿಮ್ಗೆ?"

"ಗೊತ್ತು ಸಾರ್," ಅಂದೆ. "ಮುಂಬೈಗೂ ಗೊತ್ತು."